ಪಣಂಬೂರಿನ ನೀರು ತಂದು ಹವಳ ಸಾಕಬಹುದೇ?

ಪ್ರಶ್ನೆ: ಮಂಗಳೂರಿನಲ್ಲಿದ್ದೇನೆ. ಸಿಹಿನೀರಿನ ಅಕ್ವೇರಿಯಂ ಇಟ್ಟು ಎಂಟು ವರ್ಷವಾಯಿತು, ಗಿಡ, ಮೀನು ಎರಡೂ ಚೆನ್ನಾಗಿವೆ. ಈಗ ಹವಳ, ಕ್ಲೌನ್ ಮೀನು ಇರುವ ಉಪ್ಪುನೀರಿನ ಟ್ಯಾಂಕ್ ಮಾಡುವ ಆಸೆ. ಪಣಂಬೂರು ಬೀಚ್ ಮನೆಗೆ ಹತ್ತಿರ. ಅಲ್ಲಿಂದ ನೀರು, ಮರಳು, ಸಣ್ಣ ಮೀನು ತಂದು ಬಳಸಬಹುದೇ? ಎರಡು ಅಡಿ ಟ್ಯಾಂಕ್ ಸಾಕೇ? ಕರೆಂಟ್ ಖರ್ಚು ಎಷ್ಟು ಬರುತ್ತದೆ? ವಾರಗಟ್ಟಲೆ ಊರಿಗೆ ಹೋದರೆ ಏನು ಮಾಡಬೇಕು?

ಉತ್ತರ: ಬೀಚಿನ ನೀರು ಬೇಡ. ಮರಳೂ ಬೇಡ, ಮೀನೂ ಬೇಡ. ಕಡಲು ಮನೆ ಬಾಗಿಲಲ್ಲೇ ಇರುವಾಗ ಉಪ್ಪಿನ ಪುಡಿ ದುಡ್ಡು ಕೊಟ್ಟು ತರುವುದು ತಮಾಷೆಯಾಗಿ ಕಾಣಬಹುದು. ಆದರೆ ಒಂದು ವಿಷಯ ಯೋಚಿಸಿ. ಲಕ್ಷದ್ವೀಪದಲ್ಲಿ ಹವಳದ ದಿಬ್ಬಗಳಿವೆ, ದ್ವೀಪಗಳೇ ಹವಳದಿಂದ ಆದವು. ಅದೇ ಅರಬ್ಬಿ ಸಮುದ್ರದ ಈ ಬದಿಯಲ್ಲಿ, ಮಂಗಳೂರಿನ ತೀರದಲ್ಲಿ, ಅಂಥದ್ದೇನೂ ಇಲ್ಲ. ಯಾಕೆ?

ನಮ್ಮ ತೀರಕ್ಕೆ ನೇತ್ರಾವತಿ, ಗುರುಪುರ ಹೊಳೆಗಳು ಬಂದು ಸೇರುತ್ತವೆ. ಮಳೆಗಾಲದಲ್ಲಿ ಅಳಿವೆಯಿಂದ ಹೊರಬರುವ ಕೆಂಪು ನೀರು ನೀವೇ ನೋಡಿರುತ್ತೀರಿ. ಆ ತಿಂಗಳುಗಳಲ್ಲಿ ದಡದ ಹತ್ತಿರ ಉಪ್ಪಿನಂಶ ಇಳಿಯುತ್ತದೆ, ಮಣ್ಣು ತೇಲುತ್ತದೆ, ಬೆಳಕು ಕೆಳಗೆ ಹೋಗುವುದೇ ಇಲ್ಲ. ಅದೇ ಹೊತ್ತಿಗೆ ಆಳದ ತಣ್ಣನೆಯ, ಗೊಬ್ಬರದಂಶ ತುಂಬಿದ ನೀರು ಮೇಲೇಳುತ್ತದೆ. ಬೂತಾಯಿ, ಬಂಗುಡೆ ಇಷ್ಟೊಂದು ಸಿಗುವುದು ಆ ಗೊಬ್ಬರದ ದಯೆಯಿಂದ. ಹವಳಕ್ಕೆ ಬೇಕಾದದ್ದು ಇದರ ಪೂರ್ತಿ ಉಲ್ಟಾ: ತಿಳಿ ನೀರು, ಗೊಬ್ಬರದಂಶ ತೀರ ಕಡಿಮೆ, ಉಪ್ಪು ಮತ್ತು ಬಿಸಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ. ಮುರುಡೇಶ್ವರದಿಂದಾಚೆಯ ನೇತ್ರಾಣಿಯಂಥ ಕಲ್ಲು ದ್ವೀಪದ ಸುತ್ತ ಒಂದಿಷ್ಟು ಹವಳ ಇರುವುದೂ ಅದು ತೀರದಿಂದ ದೂರ ಇರುವುದರಿಂದಲೇ. ಪಣಂಬೂರಿನಲ್ಲಿ ಇವೆಲ್ಲದರ ಮೇಲೆ ಬಂದರಿನ ಹಡಗುಗಳ ಎಣ್ಣೆ ಬೇರೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಈ ಹವ್ಯಾಸದಲ್ಲಿ ನೀವು ಕೊಳ್ಳುವ ಒಂದೊಂದು ಯಂತ್ರವೂ ನೀರು ಬದಲಾಗದಂತೆ ತಡೆಯಲು ಇರುವಂಥದ್ದು. ಯಾವುದು ಏನನ್ನು ತಡೆಯುತ್ತದೆ ಅಂತ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮಗೆ ಬೇಡದ್ದನ್ನು ಮಾರಲಾರರು.

ಈಗ ಟ್ಯಾಂಕಿನ ಅಳತೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ 54 ಲೀಟರ್ ಹಿಡಿಯುತ್ತದೆ. ದಿನಕ್ಕೆ ಎರಡು ಲೀಟರ್ ಆವಿಯಾಯಿತು ಅಂದುಕೊಳ್ಳಿ. ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಸಾವಿರಕ್ಕೆ 35 ಭಾಗ ಇದ್ದ ಉಪ್ಪು ಒಂದೇ ದಿನದಲ್ಲಿ 36 ದಾಟುತ್ತದೆ. ಅದೇ 200 ಲೀಟರ್ ನೀರಿದ್ದರೆ 35.4ರ ಒಳಗೇ ಇರುತ್ತದೆ. ಬಿಸಿಯೂ ಹಾಗೇ, ಮೀನಿನ ಕಸದಿಂದ ಹುಟ್ಟುವ ಅಮೋನಿಯವೂ ಹಾಗೇ. ಸಣ್ಣ ಟ್ಯಾಂಕ್ ಅಗ್ಗವೇನೋ ಹೌದು, ಆದರೆ ಅದು ಪಳಗಿದವರ ಕೆಲಸ. ನೀವು ಮೂರು ಅಡಿಯದ್ದು ಮಾಡಿಸಿ: 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಅದಕ್ಕೆ 180 ಲೀಟರ್ ಚಿಲ್ಲರೆ ಹಿಡಿಯುತ್ತದೆ. ಕೆಳಗೆ 50-60 ಲೀಟರಿನ ಇನ್ನೊಂದು ಗಾಜಿನ ತೊಟ್ಟಿ, ಅಂದರೆ ಸಂಪ್. ಮೇಲಿನ ಟ್ಯಾಂಕಿನಿಂದ ಇದಕ್ಕೆ ಇಳಿದ ನೀರನ್ನು ಪಂಪು ಮತ್ತೆ ಮೇಲೇರಿಸುತ್ತಿರುತ್ತದೆ. ಕಲ್ಲು ತುಂಬಿದ ಮೇಲೆ ಎರಡೂ ಸೇರಿ ಸುಮಾರು 200 ಲೀಟರ್ ನೀರು ಉಳಿಯುತ್ತದೆ. ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಕೂಡಿದರೆ 300 ಕಿಲೋ ಮೀರುತ್ತದೆ. ನೆಲ ಅಂತಸ್ತಾದರೆ ಚಿಂತೆಯಿಲ್ಲ. ಫ್ಲಾಟಾದರೆ ಗೋಡೆಗೆ ತಾಗಿ, ಕೆಳಗೆ ಬೀಮ್ ಹಾದುಹೋಗುವ ಕಡೆ ಇಡಿ. ಬಾಲ್ಕನಿಯಲ್ಲಿ ಮಾತ್ರ ಬೇಡ.

ಸಂಪಿನ ವಿಷಯದಲ್ಲಿ ಎಲ್ಲರೂ ಮರೆಯುವುದು ಕರೆಂಟ್ ಹೋದಾಗಿನ ಲೆಕ್ಕ. ಪಂಪ್ ನಿಂತ ಕೂಡಲೇ ಮೇಲಿನ ಟ್ಯಾಂಕಿನ ನೀರು ಸ್ವಲ್ಪ ಕೆಳಗಿಳಿಯುತ್ತದೆ. ನಿಮ್ಮ ಅಳತೆಯಲ್ಲಿ ಎರಡೇ ಸೆಂ.ಮೀ. ಇಳಿದರೂ 8 ಲೀಟರ್! ಅಷ್ಟನ್ನು ಹಿಡಿಯಲು ಸಂಪಿನಲ್ಲಿ ಜಾಗ ಖಾಲಿ ಇರಬೇಕು. ನೀರು ಮೇಲೇರಿಸುವ ಪೈಪಿನ ಬಾಯಿ ನೀರಿನೊಳಗೆ ಆಳದಲ್ಲಿದ್ದರೆ ಅದೇ ಪೈಪು ಹಿಂದಕ್ಕೆ ಎಳೆಯಲು ಶುರುಮಾಡುತ್ತದೆ. ಹಾಗಾಗಿ ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ. ಮಟ್ಟ ಇಳಿದಾಗ ಅದರಲ್ಲಿ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಕಲ್ಲು, ಮರಳು ಹಾಕುವ ಮೊದಲು ಸಾದಾ ನೀರು ತುಂಬಿಸಿ, ಬೇಕಂತಲೇ ಸ್ವಿಚ್ ಆಫ್ ಮಾಡಿ ನೋಡಿ. ಮಂಗಳೂರಿನ ಮೊದಲ ಗುಡುಗು ಮಳೆಯವರೆಗೆ ಈ ಪರೀಕ್ಷೆಯನ್ನು ಮುಂದೂಡಬೇಡಿ.

ಇನ್ನು ನೀರು. ನಿಮ್ಮದು ಬಾವಿ ನೀರಾದರೆ ಅದೃಷ್ಟ. ಮುರಕಲ್ಲಿನ ನೆಲದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಂಶ) ಕಡಿಮೆ. ಆದರೂ ನೇರವಾಗಿ ಬಳಸಬಾರದು. ಅದರಲ್ಲಿ ಕಬ್ಬಿಣ ಇರಬಹುದು, ನೈಟ್ರೇಟ್ ಇರಬಹುದು. ಕಡಲಿಗೆ ತೀರ ಹತ್ತಿರದ ಬಾವಿಗಳು ಏಪ್ರಿಲ್-ಮೇನಲ್ಲಿ ಉಪ್ಪಾಗುತ್ತವೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆ. ಆರ್‌ಓ ಆದಮೇಲೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರಾಳದ ಕೊಳವೆಯ ಮೂಲಕ ಹಾದು, ಮೀಟರಿನಲ್ಲಿ ಟಿಡಿಎಸ್ ಸೊನ್ನೆ ತೋರಿಸುವ ನೀರೇ ಬೇಕು. ಅಡುಗೆಮನೆಯಲ್ಲಿ ಆರ್‌ಓ ಇದೆಯಲ್ಲ ಅಂತ ಕೇಳುವವರು ಬಹಳ. ಆ ಯಂತ್ರಗಳಲ್ಲಿ ಹೆಚ್ಚಿನವು ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ಮತ್ತೆ ಸೇರಿಸುತ್ತವೆ. ಕುಡಿಯಲು ಒಳ್ಳೆಯದೇ. ಆದರೆ ಟ್ಯಾಂಕಿಗೆ ದಿನಾ ಅದನ್ನೇ ಸುರಿದರೆ ಬೇಡದ ಲವಣಗಳು ಒಳಗೆ ಜಮೆಯಾಗುತ್ತಲೇ ಹೋಗುತ್ತವೆ, ಯಾಕೆಂದರೆ ಆವಿಯಾಗುವುದು ನೀರು ಮಾತ್ರ. ಆ ಯಂತ್ರದ ನೀರನ್ನು ರಾಳದ ಕೊಳವೆಗೆ ಹಾಯಿಸಿದರೂ ನಡೆಯುತ್ತದೆ, ರಾಳ ಬೇಗ ಮುಗಿಯುತ್ತದೆ ಅಷ್ಟೆ.

ಈ ನೀರಿಗೆ ರೀಫ್ ಉಪ್ಪು ಬೆರೆಸಬೇಕು. ಅಡುಗೆ ಉಪ್ಪಲ್ಲ, ಕಲ್ಲುಪ್ಪೂ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸರಿಯಾದ ಪ್ರಮಾಣದಲ್ಲಿ ಇರುವ ತಯಾರಿ ಪುಡಿ. ಲೀಟರಿಗೆ 35ರಿಂದ 38 ಗ್ರಾಂ ಬೇಕು, ಅಂದರೆ ಮೊದಲ ಸಲಕ್ಕೆ ಏಳೂವರೆ ಕಿಲೋ ಹತ್ತಿರ. ಬೇರೆ ಡ್ರಮ್ಮಿನಲ್ಲಿ ಪಂಪ್ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ. 35 ಬರಬೇಕು, ಸಾಂದ್ರತೆಯ ಲೆಕ್ಕದಲ್ಲಿ 1.025-1.026. ಉಪಕರಣವನ್ನು ಸಾದಾ ನೀರಿಗೆ ಸೊನ್ನೆ ಮಾಡಿಕೊಂಡರೆ ಸಾಲದು. 35ರ ಪರೀಕ್ಷಾ ದ್ರಾವಣ ಸಿಗುತ್ತದೆ, ಅದಕ್ಕೇ ಹೊಂದಿಸಿ.

ಬಿಸಿಯ ಮಾತು ಸ್ವಲ್ಪ ಉದ್ದಕ್ಕೆ ಹೇಳಬೇಕು, ಕರಾವಳಿಯವರು ಎಡವುವುದು ಇಲ್ಲೇ. ಹವಳದ ಮೈಯೊಳಗೆ ಸಣ್ಣ ಪಾಚಿಗಳು ವಾಸಿಸುತ್ತವೆ. ಬೆಳಕಿನಿಂದ ಅವು ಮಾಡುವ ಆಹಾರದಲ್ಲಿ ದೊಡ್ಡ ಪಾಲು ಹವಳಕ್ಕೆ ಹೋಗುತ್ತದೆ. ನೀರು ತಡೆಯಲಾರದಷ್ಟು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕೆಲವು ವಾರದಲ್ಲಿ ಪಾಚಿ ಮರಳದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ದೊಡ್ಡ ಮಟ್ಟದಲ್ಲಿ ಆದದ್ದು ಇದೇ. ಅಭ್ಯಾಸದ ಬೇಸಿಗೆಯ ಬಿಸಿಗಿಂತ ಒಂದೆರಡು ಡಿಗ್ರಿ ಜಾಸ್ತಿಯಾಗಿ ವಾರಗಟ್ಟಲೆ ಹಾಗೇ ನಿಂತರೆ ಸಾಕು. ಟ್ಯಾಂಕಿಗೆ 25-26 ಡಿಗ್ರಿ ಒಳ್ಳೆಯದು. ಮಂಗಳೂರಿನ ಮನೆಯೊಳಗೆ ಲೈಟು, ಪಂಪಿನ ಬಿಸಿಯೂ ಸೇರಿದರೆ ನೀರು ಸುಲಭವಾಗಿ 30 ದಾಟುತ್ತದೆ.

ಬೆಂಗಳೂರಿನವರು ನೀರಿನ ಮೇಲೆ ಫ್ಯಾನ್ ಬೀಸಿಸಿ ಎರಡು ಮೂರು ಡಿಗ್ರಿ ಇಳಿಸುತ್ತಾರೆ. ಆ ಉಪಾಯ ನಡೆಯುವುದು ಗಾಳಿ ಒಣಗಿದ್ದಾಗ. ನಮ್ಮ ಸೆಕೆಯಲ್ಲಿ ಗಾಳಿಯೇ ತೇವ, ನೀರು ಆವಿಯಾಗುವುದು ಕಡಿಮೆ, ತಂಪೂ ಕಡಿಮೆ. ಹಾಗಾಗಿ ನಿಮಗೆ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ಬೇಕೇ ಬೇಕು. ಇಲ್ಲದಿದ್ದರೆ ಹಗಲು ರಾತ್ರಿ ಎಸಿ ಓಡುವ ಕೋಣೆ ಬೇಕು. ಚಿಲ್ಲರಿನ ಬೆಲೆ ಟ್ಯಾಂಕಿನ ಬೆಲೆಯನ್ನೇ ಮೀರಬಹುದು. ಅದಕ್ಕೆ ದುಡ್ಡು ಒಟ್ಟಾಗುವವರೆಗೆ ಹವಳದ ಯೋಜನೆಯನ್ನೇ ಮುಂದೆ ಹಾಕಿ ಅನ್ನುವವನು ನಾನು. ಅದನ್ನು ಸ್ಟ್ಯಾಂಡಿನ ಬಾಗಿಲೊಳಗೆ ಮುಚ್ಚಿಡಬೇಡಿ, ಅದು ಉಗುಳುವ ಬಿಸಿ ಗಾಳಿ ಅಲ್ಲೇ ಸುತ್ತಿ ಮತ್ತೆ ನೀರಿಗೇ ಸೇರುತ್ತದೆ. ಒಂದು ಸಮಾಧಾನ: ಬೇರೆ ಊರಿನವರು ಕೊಳ್ಳುವ ಹೀಟರ್ ನಿಮಗೆ ಬೇಡ.

ಕರೆಂಟಿನ ಲೆಕ್ಕ ನೀವೇ ಮಾಡಿಕೊಳ್ಳಬಹುದು. 250 ವ್ಯಾಟ್ ಚಿಲ್ಲರ್ ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ 3 ಯೂನಿಟ್. ಪಂಪುಗಳೆಲ್ಲ ಸೇರಿ 60 ವ್ಯಾಟ್, ಇಡೀ ದಿನಕ್ಕೆ ಒಂದೂವರೆ ಯೂನಿಟ್. 80 ವ್ಯಾಟ್ ಎಲ್‌ಇಡಿ ಒಂಬತ್ತು ಗಂಟೆ ಉರಿದರೆ ಮುಕ್ಕಾಲು ಯೂನಿಟ್ ಹತ್ತಿರ. ತಿಂಗಳಿಗೆ 150 ಯೂನಿಟ್ ಮೀರುತ್ತದೆ. ಮಳೆಗಾಲದಲ್ಲಿ ಇಳಿಯುತ್ತದೆ. ಉಪ್ಪುನೀರು ಮತ್ತು ಕರೆಂಟ್ ಒಟ್ಟಿಗೆ ಇರುವ ಕಡೆ ಅರ್ಥಿಂಗ್ ಸರಿಯಿರಬೇಕು, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಇಎಲ್‌ಸಿಬಿ ಇರಲೇಬೇಕು. ಪ್ಲಗ್ಗುಗಳು ನೀರಿನ ಮಟ್ಟಕ್ಕಿಂತ ಮೇಲಿರಲಿ.

ಕರೆಂಟ್ ಹೋದರೆ ಮೊದಲ ಅಪಾಯ ಬಿಸಿಯಲ್ಲ, ಉಸಿರು. ಅದೇ ಬಿಸಿಯ ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಆಮ್ಲಜನಕ ಸುಮಾರು ಐದನೇ ಒಂದು ಪಾಲು ಕಡಿಮೆ. ನೀರು ಅಲ್ಲಾಡದಿದ್ದರೆ ಕೆಲವೇ ಗಂಟೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ನೀರನ್ನು ಅಲ್ಲಾಡಿಸುವ 10-15 ವ್ಯಾಟಿನ ಸಣ್ಣ ಪಂಪು, ಅಂದರೆ ವೇವ್ ಮೇಕರ್ ಒಂದನ್ನು ಮನೆಯ ಇನ್ವರ್ಟರಿನ ಲೈನಿಗೆ ಹಾಕಿ, ಅದರ ಮೂತಿ ನೀರಿನ ಮೇಲ್ಮೈಯತ್ತ ಇರಲಿ. ಲೈಟು, ಚಿಲ್ಲರ್ ಅದಕ್ಕೆ ಹಾಕಬೇಡಿ. ಇನ್ನೂರು ಲೀಟರ್ ನೀರು ಬಿಸಿಯಾಗಲು ಸಮಯ ಹಿಡಿಯುತ್ತದೆ.

ಸೋಸುವ ಕೆಲಸ ಮಾಡುವುದು ಕಲ್ಲು. ರಂಧ್ರಗಳಿರುವ ಒಣ ಕಲ್ಲು ಅಥವಾ ಸೆರಾಮಿಕ್ ಕಲ್ಲು 15-20 ಕಿಲೋ ಸಾಕು. ಸಮುದ್ರದಿಂದ ಕಿತ್ತು ತಂದ 'ಲೈವ್ ರಾಕ್' ಕೇಳಬೇಡಿ. ಮರಳು ಅರಗೋನೈಟ್ ಎಂಬ ಸುಣ್ಣದಂಶದ್ದೇ ಇರಲಿ, ಎರಡು ಮೂರು ಸೆಂ.ಮೀ. ದಪ್ಪಕ್ಕೆ. ಸ್ಕಿಮ್ಮರ್ ಅನ್ನುವುದು ಸಿಹಿನೀರಿನಲ್ಲಿ ನೀವು ಕಾಣದ ಯಂತ್ರ. ಸಣ್ಣ ಗುಳ್ಳೆಗಳ ನೊರೆ ಎಬ್ಬಿಸಿ, ನೊರೆಗೆ ಅಂಟುವ ಮೀನಿನ ಕಸವನ್ನು ಅದು ಕೊಳೆಯುವ ಮೊದಲೇ ಹೊರತೆಗೆಯುತ್ತದೆ. ಬೆಲ್ಲದ ಪಾಕ ಕಾಯಿಸುವಾಗ ಮೇಲೆ ಬಂದ ಕಸದ ನೊರೆ ತೆಗೆಯುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ಅದರ ಕಪ್ಪಿನಲ್ಲಿ ಕೂರುವ ಕಂದು ನೀರಿನ ವಾಸನೆ ನೋಡಿದರೆ ಇದು ಟ್ಯಾಂಕಿನೊಳಗೇ ಉಳಿದಿದ್ದರೆ ಏನಾಗುತ್ತಿತ್ತು ಅಂತ ತಿಳಿಯುತ್ತದೆ.

ಎಲ್ಲ ತುಂಬಿಸಿದ ಮೇಲೆ ಮೀನಿಲ್ಲದೆ ಕಾಯಬೇಕು. ಸೈಕ್ಲಿಂಗ್ ನಿಮಗೆ ಗೊತ್ತಿರುವ ಕೆಲಸವೇ. ಅಮೋನಿಯವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯ ಕಲ್ಲಿನಲ್ಲಿ ನೆಲೆಯಾಗಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಭಾಗ) ತನ್ನಿ. ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ದಿನದವರೆಗೆ ಕಾಯಿರಿ. ನಾಲ್ಕರಿಂದ ಆರು ವಾರ ಹಿಡಿಯಬಹುದು. ಮಾರ್ಕೆಟ್ಟಿನ ಒಂದು ಹಸಿ ಸಿಗಡಿ ಹಾಕಿ ಕೊಳೆಸಿದರೂ ಆಗುತ್ತದೆ, ವಾಸನೆಗೆ ಮನೆಯವರ ಒಪ್ಪಿಗೆ ಇದ್ದರೆ. ಆಮೇಲೆ ಕಲ್ಲಿನ ಮೇಲೆ ಕಂದು ಪುಡಿ, ಹಸಿರು ಕೂದಲಿನಂಥ ಪಾಚಿ, ಕೆಲವೊಮ್ಮೆ ಕೆಂಪು ಲೋಳೆ ಸರದಿಯಲ್ಲಿ ಬರುತ್ತವೆ. ಹೊಸ ಟ್ಯಾಂಕಿಗೆ ಇದು ಸಹಜ. ಔಷಧಿ ಹುಡುಕಬೇಡಿ. ಟರ್ಬೊ, ಟ್ರೋಕಸ್ ಬಸವನಹುಳು ಹತ್ತು ಬಿಡಿ, ಊಟ ಕಡಿಮೆ ಹಾಕಿ, ನೀರು ಬದಲಿಸಿ.

ಈಗ ಕಾನೂನು. ಕಲ್ಲಿನ ಮೈ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಜೊತೆಗೆ ಸೀ ಫ್ಯಾನ್, ಬೆಂಕಿ ಹವಳ, ಕಪ್ಪು ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ತುಂಡು ಜೇಬಿಗೆ ಹಾಕಿಕೊಂಡರೂ ಅಪರಾಧ. ಕಡಲಕುದುರೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ವಿದೇಶದ ಗಟ್ಟಿ ಹವಳಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, 2022ರ ತಿದ್ದುಪಡಿ ಆ ಒಪ್ಪಂದವನ್ನೂ ನಮ್ಮ ಕಾಯ್ದೆಯೊಳಗೆ ತಂದಿದೆ. ಅಂಗಡಿಯವರು 'ಇಂಪೋರ್ಟೆಡ್ ಸರ್' ಅಂದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಬಿಲ್ಲು, ಆಮದಿನ ಕಾಗದ ಕೇಳಿ. ಅನುಮಾನವಿದ್ದರೆ ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾಗದ ತೋರಿಸದ ಅಂಗಡಿಯಿಂದ ಹೊರಗೆ ಬನ್ನಿ.

ನನ್ನನ್ನು ಕೇಳಿದರೆ ನೀವು ಗಟ್ಟಿ ಹವಳದ ಸುದ್ದಿಗೇ ಹೋಗಬೇಡಿ. ಮೆದು ಹವಳಗಳಲ್ಲೇ ಬೇಕಾದಷ್ಟು ಚಂದವಿದೆ: ಮಶ್ರೂಮ್, ಲೆದರ್, ಜೀನಿಯ, ಜೋವಾಂಥಿಡ್. ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಂಡು ತೆಗೆದುಕೊಳ್ಳಿ. ಇವಕ್ಕೆ ಸಾಧಾರಣ ಬೆಳಕು ಸಾಕು, ಪಾಚಿಗೆ ಉಪಯೋಗವಾಗುವ ಬೆಳಕಿನ 'ಪಾರ್' ಅಳತೆಯಲ್ಲಿ 50ರಿಂದ 120. ಕಲ್ಲಿನ ಮೈ ಕಟ್ಟದ ಕಾರಣ ಕ್ಯಾಲ್ಸಿಯಂ ಹೆಚ್ಚು ಎಳೆಯುವುದಿಲ್ಲ, ನೀರು ಬದಲಿಸುವುದರಲ್ಲೇ ತೂಗಿಹೋಗುತ್ತದೆ. ಗಟ್ಟಿ ಹವಳ ಸಾಕುವವರು ಆಲ್ಕಲಿನಿಟಿ (ನೀರಿನ ಕ್ಷಾರತೆ) ಡಿಕೆಎಚ್ ಅಳತೆಯಲ್ಲಿ 8-9, ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು ಹಿಡಿದಿಡಲು ದಿನಾ ಒದ್ದಾಡಬೇಕು. ಅವರಲ್ಲಿ ಕೆಲವರು ರಾತ್ರಿ ಹನಿಹನಿಯಾಗಿ ಸುಣ್ಣದ ತಿಳಿನೀರು ಬಿಡುತ್ತಾರೆ. ಹೌದು, ವೀಳ್ಯದೆಲೆಗೆ ಹಚ್ಚುವ ಸುಣ್ಣದ್ದೇ ರಸಾಯನ! ಆದರೆ ಎಲೆಯ ಡಬ್ಬಿಯ ಸುಣ್ಣದಲ್ಲಿ ಏನೇನು ಬೆರೆತಿದೆಯೋ, ಶುದ್ಧ ದರ್ಜೆಯದ್ದೇ ಬಳಸಬೇಕು.

ಜೋವಾಂಥಿಡ್ ಬಗ್ಗೆ ಒಂದು ಎಚ್ಚರಿಕೆ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷವಿದೆ. ಕತ್ತರಿಸುವಾಗ, ಕಲ್ಲು ತಿಕ್ಕುವಾಗ ಕೈಗವಸು, ಕನ್ನಡಕ ಹಾಕಿ. ಅದು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಿಗೆ ಹಾಕಬೇಡಿ, ಕುದಿಸಬೇಡಿ. ಆ ಹಬೆ ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ಮೀನು ಮೂರು ನಾಲ್ಕು ಸಾಕು. ಬೀಚಿನ ಕಲ್ಲುಗಳ ಮಧ್ಯೆ ಸಿಗುವ ಪಟ್ಟೆಪಟ್ಟೆ ಮರಿಗಳು ಮುದ್ದಾಗಿ ಕಾಣುತ್ತವೆ, ಬೆಳೆದ ಮೇಲೆ ಟ್ಯಾಂಕಿನ ರೌಡಿಗಳಾಗುತ್ತವೆ, ರೋಗವನ್ನೂ ತರುತ್ತವೆ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಜೋಡಿಯಿಂದ ಶುರುಮಾಡಿ. ನಮ್ಮ ದೇಶದ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ಬಹಳ ಹಿಂದೆಯೇ ರೂಪಿಸಿದೆ, ಹಾಗಾಗಿ ಕಡಲಿಂದ ಹಿಡಿದದ್ದು ಬೇಕಾಗಿಯೇ ಇಲ್ಲ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಮರಿಯಿದ್ದಾಗ ಇವು ಗಂಡೂ ಅಲ್ಲ ಹೆಣ್ಣೂ ಅಲ್ಲ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಕಡಲಲ್ಲಿ ಇವು ಆಸರೆ ಪಡೆಯುವ ಹೂವಿನಂಥ ಜೀವಿ, ಅನಿಮೋನ್, ಇಲ್ಲದೆಯೂ ಆರಾಮಾಗಿರುತ್ತವೆ. ಒಂದೆರಡು ತಿಂಗಳ ಮೇಲೆ ಒಂದು ಬ್ಯಾಂಗಾಯ್ ಕಾರ್ಡಿನಲ್, ಒಂದು ಬ್ಲೆನ್ನಿ. ಮಕ್ಕಳು ಸಿನಿಮಾದ ನೀಲಿ ಟ್ಯಾಂಗ್ ಕೇಳುತ್ತಾರೆ. ಅದು ಒಂದಡಿ ಬೆಳೆಯುವ ಮೀನು, ಮೂರಡಿ ಟ್ಯಾಂಕಿಗಲ್ಲ. ಮ್ಯಾಂಡರಿನ್ ಮೀನು ಕಲ್ಲಿನ ಮೇಲಿನ ಪುಟ್ಟಪುಟ್ಟ ಜೀವಂತ ಹುಳುಗಳಂಥವನ್ನೇ ಹೆಕ್ಕಿ ತಿನ್ನುವುದು, ಹೊಸ ಟ್ಯಾಂಕಿನಲ್ಲಿ ಹಸಿದು ಸಾಯುತ್ತದೆ.

ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ. ಪ್ಲಾಸ್ಟಿಕ್ ಟಬ್ಬು, ಸ್ಪಾಂಜ್ ಫಿಲ್ಟರ್ ಸಾಕು. ಬಿಳಿಚುಕ್ಕೆ ರೋಗ ಸಿಹಿನೀರಿನಲ್ಲಿ ನೀವು ಕಂಡದ್ದಕ್ಕಿಂತ ಇಲ್ಲಿ ಹಠಮಾರಿ, ಪರೋಪಜೀವಿಯೂ ಬೇರೆ. ತಾಮ್ರದ ಔಷಧಿಗೆ ಬಗ್ಗುತ್ತದೆ, ಆದರೆ ಆ ತಾಮ್ರ ಹವಳ, ಬಸವನಹುಳು ಎಲ್ಲವನ್ನೂ ಕೊಲ್ಲುತ್ತದೆ. ಒಮ್ಮೆ ದೊಡ್ಡ ಟ್ಯಾಂಕಿಗೆ ಹೊಕ್ಕರೆ ಮೀನನ್ನೆಲ್ಲ ಹೊರತೆಗೆದು ಹತ್ತು ಹನ್ನೊಂದು ವಾರ ಟ್ಯಾಂಕನ್ನು ಮೀನಿಲ್ಲದೆ ಬಿಡುವುದೇ ದಾರಿ.

ದಿನದ ಕೆಲಸ ಹತ್ತು ನಿಮಿಷ: ಬಿಸಿ ನೋಡುವುದು, ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಊಟ, ಆವಿಯಾದಷ್ಟು ನೀರು ಸಂಪಿಗೆ. ಸೇರಿಸಬೇಕಾದ್ದು ಸೊನ್ನೆ ಟಿಡಿಎಸ್ ಸಿಹಿನೀರು, ಉಪ್ಪುನೀರಲ್ಲ. ವಾರಕ್ಕೊಮ್ಮೆ 20 ಲೀಟರ್ ಹೊಸ ಉಪ್ಪುನೀರು ಬದಲಿಸಿ, ಸ್ಕಿಮ್ಮರ್ ಕಪ್ ತೊಳೆಯಿರಿ, ಗಾಜು ಒರೆಸಿ. ಉಪ್ಪು, ಆಲ್ಕಲಿನಿಟಿ, ನೈಟ್ರೇಟ್ ಅಳೆದು ನೋಟ್ ಬುಕ್ಕಿನಲ್ಲಿ ಬರೆದಿಡಿ. ನೈಟ್ರೇಟ್ ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ, ಮೆದು ಹವಳಕ್ಕೆ 5-10 ಪಿಪಿಎಂ ಇದ್ದರೆ ಒಳ್ಳೆಯದೇ. ಯಾವುದೇ ಅಂಕಿ ತಪ್ಪಿದ್ದು ಕಂಡರೂ ಒಂದೇ ದಿನದಲ್ಲಿ ಸರಿಮಾಡಬೇಡಿ. ತಪ್ಪು ಅಂಕಿಗಿಂತ ಅವಸರದ ತಿದ್ದುಪಡಿಗೆ ಸತ್ತ ಹವಳವೇ ಜಾಸ್ತಿ.

ಊರಿಗೆ ಹೋಗುವ ವಾರಕ್ಕೆ ಆಟೋ ಟಾಪ್ ಆಫ್ ಇರಲಿ. ನೀರು ಇಳಿದಾಗ ತಾನಾಗಿ ತುಂಬುವ ಸಣ್ಣ ಪಂಪು, ಪಕ್ಕದಲ್ಲಿ 20 ಲೀಟರಿನ ಕ್ಯಾನ್. ಸೆನ್ಸರ್ ಎರಡಿರುವುದನ್ನೇ ಕೊಳ್ಳಿ. ಒಂದು ಕೈಕೊಟ್ಟರೆ ಇನ್ನೊಂದು ಪಂಪನ್ನು ನಿಲ್ಲಿಸಬೇಕು. ಹೊರಡುವ ಹಿಂದಿನ ದಿನ ಹೊಸದೇನೂ ಮಾಡಬೇಡಿ, ಹೊಸ ಮೀನು ಬಿಡುವುದಂತೂ ಬೇಡವೇ ಬೇಡ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವಾಗ ಊಟದ ಡಬ್ಬಿ ಬೀರುವಿನೊಳಗೆ ಇಡಿ. ಎರಡು ದಿನಕ್ಕೊಮ್ಮೆ ಒಂದರಂತೆ ಪೊಟ್ಟಣ ಕಟ್ಟಿ, ಮೂರು ಪೊಟ್ಟಣ ಮಾತ್ರ ಹೊರಗೆ ಬಿಟ್ಟು ಹೋಗಿ. ಚಿಲ್ಲರಿನ ಅಂಕಿ 28 ದಾಟಿದರೆ ಫೋನ್ ಮಾಡಿ ಅಂತ ಒಂದು ಚೀಟಿ ಅಂಟಿಸಿ, ನಿಮ್ಮ ನಂಬರಿನ ಕೆಳಗೆ ನಿಮ್ಮ ಎಲೆಕ್ಟ್ರಿಷಿಯನ್ ನಂಬರೂ ಬರೆಯಿರಿ.